ಚೆಕ್ ದಿಕ್ಕು ಪತ್ತೆ

ಚೆಕ್ ದಿಕ್ಕು ಪತ್ತೆ: ಚೆಕ್ಕುಗಳನ್ನು ಓದಿ, ವಿಂಗಡಿಸಿ, ಅವುಗಳ ಚಿತ್ರ ತೆಗೆಯುವ ಸ್ವಯಂಚಾಲಿತ ಯಂತ್ರವು ತನ್ನೊಳಗೆ ಬಂದ ಚೆಕ್ ಯಾವ ಮಗ್ಗುಲಾಗಿ, ಯಾವ ಅಂಚು ಮುಂದಾಗಿ ಬಂದಿದೆ ಎಂದು ಗುರುತಿಸುವ ವಿಧಾನ. ಬ್ಯಾಂಕುಗಳ ರೀಡರ್-ಸಾರ್ಟರ್ ಯಂತ್ರಗಳು, ಅಂಚೆಯಲ್ಲಿ ಬಂದ ಪಾವತಿಗಳನ್ನು ಲಕೋಟೆಯಿಂದ ಬಿಡಿಸುವ ಯಂತ್ರಗಳು, ಚೆಕ್ ಸ್ವೀಕರಿಸುವ ಎಟಿಎಂಗಳು, ಶಾಖೆಗಳ ಚೆಕ್ ಸ್ಕ್ಯಾನರ್‌ಗಳು ಇವೆಲ್ಲವುಗಳಲ್ಲಿ ಇದು ಓದುವಿಕೆಗೆ ಮೊದಲಿನ ಹಂತ. ದಿಕ್ಕು ತಿಳಿಯದೆ ಚೆಕ್ಕಿನ ಸಂಖ್ಯೆಯನ್ನು ಓದಲಾಗದು, ಬೆನ್ನಿನ ಮೇಲೆ ಬ್ಯಾಂಕಿನ ಮೊಹರನ್ನು ಸರಿಯಾದ ಜಾಗದಲ್ಲಿ ಒತ್ತಲಾಗದು, ಚಿತ್ರಗಳಲ್ಲಿ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ಹೆಸರಿಸಲೂ ಆಗದು.

ಚೆಕ್ ಆಯತಾಕಾರದ ಹಾಳೆ. ಉದ್ದನೆಯ ಅಂಚನ್ನು ಕೆಳಗಿಟ್ಟು ಯಂತ್ರದ ಸಾಗುಹಾದಿಯಲ್ಲಿ ನಿಲ್ಲಿಸಿದರೆ ಅದು ನಾಲ್ಕೇ ಬಗೆಯಲ್ಲಿ ನಿಲ್ಲಬಲ್ಲುದು: ಮುಖ ಓದುವ ಕಡೆಗಿದ್ದು ನೆಟ್ಟಗೆ, ಮುಖ ಓದುವ ಕಡೆಗಿದ್ದು ತಲೆಕೆಳಗಾಗಿ, ಬೆನ್ನು ಓದುವ ಕಡೆಗಿದ್ದು ನೆಟ್ಟಗೆ, ಬೆನ್ನು ಓದುವ ಕಡೆಗಿದ್ದು ತಲೆಕೆಳಗಾಗಿ. ಈ ನಾಲ್ಕರಲ್ಲಿ ಯಾವುದು ಎಂದು ತೀರ್ಮಾನಿಸಲು ತಾತ್ವಿಕವಾಗಿ ಹೌದು-ಅಲ್ಲ ಎಂಬ ಉತ್ತರದ ಎರಡು ಪ್ರಶ್ನೆಗಳು ಸಾಕು. ಆ ಎರಡು ಪ್ರಶ್ನೆಗಳನ್ನು ಆರಿಸುವುದು, ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ನಂಬಲರ್ಹ ಉತ್ತರ ಪಡೆಯುವುದು ಈ ತಂತ್ರದ ತಿರುಳು. ಇವಲ್ಲದೆ ಚೆಕ್ ತುಸು ಓರೆಯಾಗಿ ಬಂದಿದೆಯೇ, ಒಂದರ ಹಿಂದೆ ಇನ್ನೊಂದು ಅಂಟಿಕೊಂಡು ಬಂದಿದೆಯೇ ಎಂಬುದನ್ನೂ ಯಂತ್ರ ಜೊತೆಗೇ ನೋಡಬೇಕಾಗುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಚೆಕ್ ಬಳಕೆ ಕೈಯಿಂದ ವಿಂಗಡಿಸುವ ಮಿತಿಯನ್ನು ಮೀರಿ ಬೆಳೆಯಿತು. ಬ್ಯಾಂಕ್ ಆಫ್ ಅಮೆರಿಕದ ಕೋರಿಕೆಯಂತೆ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎರ್ಮಾ ಎಂಬ ಲೆಕ್ಕಪತ್ರ ಯಂತ್ರವನ್ನು ರೂಪಿಸಿ 1955ರಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿತು. ಅದರ ತಯಾರಿಕೆಯನ್ನು ಜನರಲ್ ಎಲೆಕ್ಟ್ರಿಕ್ ವಹಿಸಿಕೊಂಡಿತು. ಈ ಕೆಲಸದ ಭಾಗವಾಗಿ ಹುಟ್ಟಿದ್ದು ಕಾಂತೀಯ ಶಾಯಿಯಲ್ಲಿ ಮುದ್ರಿಸಿದ ಅಕ್ಷರಗಳನ್ನು ಯಂತ್ರದಿಂದ ಓದಿಸುವ ವಿಧಾನ, ಅಂದರೆ ಎಂಐಸಿಆರ್. ಅದರ ಪ್ರಮುಖ ರೂವಾರಿಗಳಲ್ಲಿ ಒಬ್ಬನಾದ ಕೆನೆತ್ ಎಲ್ಡ್ರೆಜ್‌ಗೆ 1961ರಲ್ಲಿ ದೊರೆತ ‘ಸ್ವಯಂಚಾಲಿತ ಓದು ವ್ಯವಸ್ಥೆ’ಯ ಪೇಟೆಂಟಿಗೆ ಅಮೆರಿಕದ ಪೇಟೆಂಟುಗಳ ಸಾಲಿನಲ್ಲಿ 30,00,000ನೆಯ ಸಂಖ್ಯೆ ಬಿದ್ದಿತು. ಅಮೆರಿಕದ ಬ್ಯಾಂಕರುಗಳ ಸಂಘ 1958ರಲ್ಲಿ ಇ-13ಬಿ ಎಂಬ ಅಕ್ಷರಮಾದರಿಯನ್ನು ಒಪ್ಪಿಕೊಂಡಿತು. ಸುಮಾರು ಅದೇ ಹೊತ್ತಿಗೆ ಫ್ರಾನ್ಸಿನ ಬುಲ್ ಸಂಸ್ಥೆ ಸಿಎಂಸಿ-7 ಎಂಬ ಬೇರೊಂದು ಮಾದರಿಯನ್ನು ರೂಪಿಸಿತು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯ, ಭಾರತಗಳಲ್ಲಿ ಮೊದಲನೆಯದೂ ಫ್ರಾನ್ಸ್, ಇಟಲಿ, ಸ್ಪೇನ್, ಬ್ರೆಜಿಲ್‌ಗಳಲ್ಲಿ ಎರಡನೆಯದೂ ರೂಢಿಗೆ ಬಂದವು. ಇವೆರಡೂ ಐಎಸ್‌ಓ 1004 ಮಾನದಂಡದಲ್ಲಿ ಸೇರಿವೆ.

ಮೊದಲ ತಲೆಮಾರಿನ ವಿಂಗಡಣೆ ಯಂತ್ರಗಳು ದಿಕ್ಕನ್ನು ಹುಡುಕುತ್ತಿರಲಿಲ್ಲ. ಅವು ಒಂದೇ ದಿಕ್ಕನ್ನು ಒಪ್ಪುತ್ತಿದ್ದವು. ಐಬಿಎಂ 1419 ನಿಮಿಷಕ್ಕೆ 1,600 ಚೆಕ್ಕುಗಳನ್ನೂ 1973ರಲ್ಲಿ ಬಂದ ಐಬಿಎಂ 3890 ನಿಮಿಷಕ್ಕೆ 2,400 ಚೆಕ್ಕುಗಳನ್ನೂ ಓದಬಲ್ಲವಾಗಿದ್ದವು. ಅಷ್ಟು ವೇಗದ ಯಂತ್ರಕ್ಕೆ ಉಣಿಸುವ ಮೊದಲು ನೌಕರರು ಎಲ್ಲ ಚೆಕ್ಕುಗಳ ಮುಖವನ್ನು ಒಂದೇ ಕಡೆಗೆ ತಿರುಗಿಸಿ, ಪಿನ್ನುಗಳನ್ನು ತೆಗೆದು, ಕಂಪಿಸುವ ಜಾಗರ್ ತಟ್ಟೆಯ ಮೇಲೆ ಕಟ್ಟನ್ನು ನಿಲ್ಲಿಸಿ ಅಂಚುಗಳನ್ನು ಸಮ ಮಾಡಿಕೊಡುತ್ತಿದ್ದರು. ತಲೆಕೆಳಗಾಗಿ ಹೋದ ಚೆಕ್ ಓದಲಾಗದ ಚೆಕ್ಕುಗಳ ಜೊತೆ ತಿರಸ್ಕೃತ ಚೆಕ್ಕುಗಳ ಗೂಡಿಗೆ ಬೀಳುತ್ತಿತ್ತು. ಓದುವಿಕೆ ಸೆಕೆಂಡಿಗೆ ನಲವತ್ತು ಚೆಕ್ಕಿಗೆ ಏರಿದ ಮೇಲೂ ಜೋಡಿಸುವ ಕೆಲಸ ಕೈಯಲ್ಲೇ ಉಳಿಯಿತು. ವಿದ್ಯುತ್, ದೂರವಾಣಿ, ವಿಮೆ ಮುಂತಾದ ಬಿಲ್ಲುಗಳ ಪಾವತಿ ಅಂಚೆಯಲ್ಲಿ ಬರುತ್ತಿದ್ದ ಅಮೆರಿಕದ ಕೇಂದ್ರಗಳಲ್ಲಿ ಈ ತೊಡಕು ಇನ್ನಷ್ಟು ದೊಡ್ಡದಾಗಿತ್ತು. ಪ್ರತಿ ಲಕೋಟೆಯಲ್ಲೂ ಗ್ರಾಹಕರು ಚೆಕ್ಕನ್ನು ತಮಗೆ ತೋಚಿದಂತೆ ತುರುಕಿರುತ್ತಿದ್ದರು. ದಿಕ್ಕನ್ನು ತಾನೇ ಕಂಡುಹಿಡಿದು ತಾನೇ ತಿರುಗಿಸುವ ಯಂತ್ರಗಳಿಗೆ ಬೇಡಿಕೆ ಹುಟ್ಟಿದ್ದು ಮುಖ್ಯವಾಗಿ ಇಲ್ಲಿ.

ಅಂಚೆ ಇಲಾಖೆಗಳು ಇಂಥದೇ ಪ್ರಶ್ನೆಯನ್ನು ಮೊದಲೇ ಎದುರಿಸಿದ್ದವು. ಕಾಗದಗಳನ್ನು ಅಂಚೆಚೀಟಿಯ ಮೂಲೆಗೆ ಸರಿಯಾಗಿ ತಿರುಗಿಸಿ ಮುದ್ರೆ ಒತ್ತುವ ಯಂತ್ರಕ್ಕಾಗಿ ಬ್ರಿಟನ್ 1957ರಲ್ಲಿ ಸೌತಾಂಪ್ಟನ್‌ನಲ್ಲಿ ಪ್ರಯೋಗ ನಡೆಸಿ, ಬೆನ್ನಿನ ಮೇಲೆ ಗ್ರಾಫೈಟ್ ಗೆರೆಗಳಿದ್ದ ಅಂಚೆಚೀಟಿಗಳನ್ನು ಹೊರತಂದಿತು. ನಂತರ ಆ ಗೆರೆಗಳ ಬದಲು ಹೊಳೆಯುವ ಫಾಸ್ಫರ್ ಪಟ್ಟಿಗಳು ಬಂದವು. ಅಂಚೆಗೆ ಹೀಗೆ ಹೊಸ ಗುರುತನ್ನು ಸೇರಿಸಬೇಕಾಯಿತು. ಚೆಕ್ಕಿನಲ್ಲಿ ಆ ಗುರುತು ಎಂಐಸಿಆರ್ ಸಾಲಿನ ರೂಪದಲ್ಲಿ ಮೊದಲೇ ಇತ್ತು.

ಎಂಐಸಿಆರ್ ಸಾಲಿನ ಸ್ವರೂಪ

ಚೆಕ್ಕಿನ ಕೆಳ ಅಂಚಿನಿಂದ 5/8 ಅಂಗುಲ, ಅಂದರೆ ಸುಮಾರು 16 ಮಿ.ಮೀ. ಎತ್ತರದವರೆಗಿನ ಪಟ್ಟಿಯನ್ನು ಕಾಂತೀಯ ಅಕ್ಷರಗಳಿಗೆಂದೇ ಖಾಲಿ ಬಿಡಲಾಗುತ್ತದೆ. ಅದರೊಳಗೆ ಅಂಚಿನಿಂದ 3/16 ಅಂಗುಲ ಮೇಲೆ ಆರಂಭವಾಗುವ ಕಾಲು ಅಂಗುಲದ ಪಟ್ಟಿಯಲ್ಲಿ ಅಕ್ಷರಗಳು ಬೀಳುತ್ತವೆ. ಇ-13ಬಿ ಮಾದರಿಯಲ್ಲಿ ಹತ್ತು ಅಂಕಿಗಳೂ ಕ್ಷೇತ್ರಗಳನ್ನು ಬೇರ್ಪಡಿಸುವ ನಾಲ್ಕು ಚಿಹ್ನೆಗಳೂ ಸೇರಿ ಹದಿನಾಲ್ಕು ಆಕೃತಿಗಳಿವೆ. ಅವೆಲ್ಲವೂ 0.013 ಅಂಗುಲದ, ಅಂದರೆ ಸುಮಾರು 0.33 ಮಿ.ಮೀ.ನ ಚೌಕುಳಿಗಳ ಮೇಲೆ ರಚಿತವಾಗಿವೆ. ಹೆಸರಿನ 13 ಬಂದಿರುವುದು ಇದರಿಂದಲೇ. ಅಕ್ಷರದ ಎತ್ತರ ಒಂಬತ್ತು ಚೌಕುಳಿ, ಒಂದು ಅಕ್ಷರದಿಂದ ಮುಂದಿನದಕ್ಕೆ ಇರುವ ಅಂತರ ಅಂಗುಲದ ಎಂಟನೆಯ ಒಂದು ಭಾಗ.

ಭಾರತದ ಚೆಕ್ಕಿನಲ್ಲಿ ಈ ಸಾಲು ಎಡದಿಂದ ಬಲಕ್ಕೆ ಆರು ಅಂಕಿಗಳ ಚೆಕ್ ಸಂಖ್ಯೆ, ಒಂಬತ್ತು ಅಂಕಿಗಳ ಎಂಐಸಿಆರ್ ಸಂಕೇತ, ಆರು ಅಂಕಿಗಳ ಖಾತೆ ಕ್ಷೇತ್ರ, ಎರಡು ಅಂಕಿಗಳ ವ್ಯವಹಾರ ಸಂಕೇತ ಎಂದು ಸಾಗುತ್ತದೆ. ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರನ್ನೂ ನಡುವಿನ ಮೂರು ಬ್ಯಾಂಕನ್ನೂ ಕೊನೆಯ ಮೂರು ಶಾಖೆಯನ್ನೂ ಸೂಚಿಸುತ್ತವೆ. ಬೆಂಗಳೂರಿನ ಶಾಖೆಗಳ ಸಂಕೇತ 560ರಿಂದ ಶುರುವಾಗುತ್ತದೆ. ಕ್ಷೇತ್ರಗಳ ಉದ್ದ 6, 9, 6, 2 ಎಂದು ಇರುವುದರಿಂದ ಈ ಸಾಲು ಎಡಬಲಕ್ಕೆ ಸಮನಾಗಿಲ್ಲ. ದಿಕ್ಕು ಹುಡುಕುವ ಯಂತ್ರಕ್ಕೆ ಈ ಅಸಮತೆ ಉಪಕಾರಿ.

ಕಾಂತೀಯ ಪತ್ತೆ

ಸಾಗುಹಾದಿಯಲ್ಲಿ ಚೆಕ್ ಮೊದಲು ಒಂದು ಆಯಸ್ಕಾಂತದ ಮುಂದೆ ಹಾಯುತ್ತದೆ. ಶಾಯಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಆಗ ಕಾಂತತ್ವ ಪಡೆಯುತ್ತದೆ. ನಂತರ ಚೆಕ್ ರೀಡ್ ಹೆಡ್‌ನ ಕಿರಿದಾದ ಸೀಳಿನ ಮುಂದೆ ಸರಿಯುತ್ತದೆ. ಸೀಳಿನ ಮುಂದಿರುವ ಶಾಯಿಯ ಪ್ರಮಾಣ ಹೆಚ್ಚಿದಾಗ ಹೆಡ್‌ನ ಸುರುಳಿಯಲ್ಲಿ ಒಂದು ಧ್ರುವದ ವಿದ್ಯುತ್ ಮಿಡಿತವೂ ಕಡಿಮೆಯಾದಾಗ ವಿರುದ್ಧ ಧ್ರುವದ ಮಿಡಿತವೂ ಏಳುತ್ತವೆ. ಶಾಯಿಯ ಪ್ರಮಾಣ ಬದಲಾಗದೆ ಇರುವಷ್ಟು ಹೊತ್ತು ಸಂಕೇತವಿರುವುದಿಲ್ಲ. ಹೀಗೆ ಪ್ರತಿ ಅಕ್ಷರಕ್ಕೂ ಅದರದೇ ಆದ ಅಲೆಯ ಆಕೃತಿ ಸಿಗುತ್ತದೆ. ರೂಢಿಯ ಯಂತ್ರಗಳಲ್ಲಿ ಚೆಕ್ಕಿನ ಬಲ ಅಂಚು ಮುಂದಾಗಿ ಸಾಗುತ್ತದೆ. ಆದ್ದರಿಂದ ಸಾಲನ್ನು ಬಲದಿಂದ ಎಡಕ್ಕೆ ಓದಲಾಗುತ್ತದೆ.

ಎಡ ಅಂಚು ಮುಂದಾಗಿ ಬಂದರೆ ಪ್ರತಿ ಅಕ್ಷರದ ಅಲೆ ಎರಡು ರೀತಿಯಲ್ಲಿ ಬದಲಾಗುತ್ತದೆ: ಕೊನೆಯದು ಮೊದಲಾಗುತ್ತದೆ, ಏರು ಇಳಿವಾಗುತ್ತದೆ. ಬಂದ ಅಲೆಯನ್ನು ನೆನಪಿನಲ್ಲಿಟ್ಟ ಮಾದರಿ ಅಲೆಗಳೊಂದಿಗೆ ಒಮ್ಮೆ ನೇರವಾಗಿಯೂ ಇನ್ನೊಮ್ಮೆ ಹೀಗೆ ಹಿಂದುಮುಂದಾಗಿಸಿಯೂ ಹೋಲಿಸಿ, ಯಾವುದು ಹೆಚ್ಚು ಹೊಂದುತ್ತದೆಯೋ ಅದನ್ನು ಓದಿನ ಕ್ರಮವೆಂದು ಯಂತ್ರ ತೀರ್ಮಾನಿಸುತ್ತದೆ. 0 ಮತ್ತು 8ರಂತೆ ಎಡಬಲ ಹೆಚ್ಚುಕಡಿಮೆ ಸಮನಾಗಿರುವ ಅಂಕಿಗಳು ಎರಡೂ ಕ್ರಮದಲ್ಲಿ ಸುಮಾರು ಒಂದೇ ಅಲೆಯನ್ನು ಕೊಡುವುದರಿಂದ ಒಂದೆರಡು ಅಕ್ಷರಗಳನ್ನು ನೆಚ್ಚಲಾಗದು. ಇಡೀ ಸಾಲಿನ ಒಟ್ಟು ಹೊಂದಿಕೆಯನ್ನು ನೋಡಬೇಕು.

ದಿಕ್ಕು ಪತ್ತೆಯ ಎರಡು ಪ್ರಶ್ನೆಗಳು ಇಲ್ಲಿಂದ ಹೊರಡುತ್ತವೆ. ಒಂದು, ಕಾಂತೀಯ ಪಟ್ಟಿ ಸಾಗುಹಾದಿಯ ಕೆಳಗಿದೆಯೇ ಮೇಲಿದೆಯೇ? ಎರಡು, ಅಕ್ಷರಗಳು ನೇರ ಕ್ರಮದಲ್ಲಿ ಬರುತ್ತಿವೆಯೇ ಹಿಂದುಮುಂದಾಗಿ ಬರುತ್ತಿವೆಯೇ? ಮುಖ ಈಚೆಗಿದ್ದು ನೆಟ್ಟಗಿರುವ ಚೆಕ್ಕಿನಲ್ಲಿ ಪಟ್ಟಿ ಕೆಳಗೆ, ಕ್ರಮ ನೇರ. ಅದನ್ನೇ ತಲೆಕೆಳಗು ಮಾಡಿದರೆ ಪಟ್ಟಿ ಮೇಲೆ, ಕ್ರಮ ಹಿಂದುಮುಂದು. ಬೆನ್ನು ಈಚೆಗಿದ್ದು ನೆಟ್ಟಗಿದ್ದರೆ ಪಟ್ಟಿ ಕೆಳಗೆ, ಕ್ರಮ ಹಿಂದುಮುಂದು. ಬೆನ್ನು ಈಚೆಗಿದ್ದು ತಲೆಕೆಳಗಾಗಿದ್ದರೆ ಪಟ್ಟಿ ಮೇಲೆ, ಕ್ರಮ ನೇರ. ನಾಲ್ಕು ಸ್ಥಿತಿಗಳಿಗೂ ಬೇರೆ ಬೇರೆ ಉತ್ತರದ ಜೋಡಿ ಬರುತ್ತದೆ. ಮುಖ ಯಾವ ಕಡೆಗಿದೆ ಎಂದು ನೇರವಾಗಿ ನೋಡದೆಯೇ ಪಟ್ಟಿಯ ಜಾಗ ಮತ್ತು ಓದಿನ ಕ್ರಮಗಳಿಂದ ಅದನ್ನು ಲೆಕ್ಕಹಾಕಬಹುದು.

ಪಟ್ಟಿಯ ಜಾಗವನ್ನು ತಿಳಿಯಲು ಸರಳ ಉಪಾಯವೆಂದರೆ ಸಾಗುಹಾದಿಯ ಕೆಳಭಾಗದಲ್ಲೊಂದು, ಮೇಲ್ಭಾಗದಲ್ಲೊಂದು ಹೆಡ್ ಇಟ್ಟು ಯಾವುದರಲ್ಲಿ ಅಲೆ ಕಾಣಿಸಿತು ಎಂದು ನೋಡುವುದು. ಎಲ್ಲ ಚೆಕ್ಕುಗಳ ಎತ್ತರ ಒಂದೇ ಆಗಿದ್ದರೆ ಇದು ಸುಲಭ. ಭಾರತದ ಚೆಕ್ಕುಗಳು ಸುಮಾರು 20 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರದ ಒಂದೇ ಅಳತೆಗೆ ಬದ್ಧವಾಗಿವೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವೈಯಕ್ತಿಕ ಚೆಕ್ಕಿನ ಎತ್ತರ 2¾ ಅಂಗುಲ, ವ್ಯಾಪಾರಿ ಚೆಕ್ಕಿನ ಎತ್ತರ ಸುಮಾರು 3½ ಅಂಗುಲ. ಎರಡನ್ನೂ ಕೆಳ ಅಂಚಿಗೆ ಸಮ ಮಾಡಿ ಸಾಗಿಸಿದಾಗ ತಲೆಕೆಳಗಾದ ಚೆಕ್ಕಿನ ಪಟ್ಟಿ ಒಂದೊಂದರಲ್ಲಿ ಒಂದೊಂದು ಎತ್ತರದಲ್ಲಿರುತ್ತದೆ. ಆದ್ದರಿಂದ ಮೇಲಿನ ಹೆಡ್ ಅಗಲವಾಗಿರಬೇಕು, ಇಲ್ಲವೇ ಹಲವು ಹೆಡ್‌ಗಳನ್ನು ಒಂದರ ಮೇಲೊಂದು ಜೋಡಿಸಿರಬೇಕು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಒಂದೇ ಹೆಡ್ ಇಟ್ಟು, ಅಲೆ ಸಿಗದಿದ್ದರೆ ಚೆಕ್ಕನ್ನು ಹೊರಗೆ ಕಳಿಸಿ ತಿರುಗಿಸಿ ಹಾಕುವಂತೆ ಕೇಳುವ ಕ್ರಮವೂ ಉಂಟು.

ಸಂಕೇತದ ಬಲ

ಮುಖ ಯಾವ ಕಡೆಗಿದೆ ಎಂಬುದನ್ನು ಸಂಕೇತದ ಬಲದಿಂದಲೇ ತಿಳಿಯಬಹುದಲ್ಲ ಎಂಬ ಪ್ರಶ್ನೆ ಸಹಜ. ಬೆನ್ನು ಹೆಡ್ ಕಡೆಗಿದ್ದಾಗ ಶಾಯಿಗೂ ಹೆಡ್‌ಗೂ ನಡುವೆ ಕಾಗದದ ದಪ್ಪ ಅಡ್ಡ ಬರುತ್ತದೆ. ಟೇಪ್ ರೆಕಾರ್ಡಿಂಗ್ ತಂತ್ರದಲ್ಲಿ ಪರಿಚಿತವಾದ ನಿಯಮದಂತೆ, ಹೆಡ್ ದೂರವಾದಾಗ ಆಗುವ ನಷ್ಟ, ಆ ದೂರವನ್ನು ಅಲೆಯ ಉದ್ದದಿಂದ ಭಾಗಿಸಿ 54.6ರಿಂದ ಗುಣಿಸಿದಷ್ಟು ಡೆಸಿಬಲ್. ಕಾಗದದ ದಪ್ಪ 0.1 ಮಿ.ಮೀ., ಅಲೆಯ ಉದ್ದ ಎರಡು ಚೌಕುಳಿಯಷ್ಟು, ಅಂದರೆ 0.66 ಮಿ.ಮೀ. ಎಂದಿಟ್ಟುಕೊಂಡರೆ ನಷ್ಟ ಸುಮಾರು 8 ಡೆಸಿಬಲ್. ಸಂಕೇತ ಮೂಲದ ಸುಮಾರು ಶೇ. 40ಕ್ಕೆ ಇಳಿಯುತ್ತದೆ.

ಆದರೆ ಮುದ್ರಣದಲ್ಲೇ ಇದಕ್ಕಿಂತ ಹೆಚ್ಚಿನ ಏರುಪೇರಿಗೆ ಅವಕಾಶವಿದೆ. ಇ-13ಬಿ ಮಾನದಂಡ ನಿಗದಿತ ಬಲದ ಶೇ. 50ರಿಂದ ಶೇ. 200ರವರೆಗಿನ ಸಂಕೇತವನ್ನು ಒಪ್ಪುತ್ತದೆ. ಗಾಢವಾಗಿ ಮುದ್ರಿತವಾದ ಚೆಕ್ ಬೆನ್ನು ತೋರಿಸಿದಾಗ ಕೊಡುವ ಶೇ. 80ರಷ್ಟು ಬಲ, ತೆಳುವಾಗಿ ಮುದ್ರಿತವಾದ ಚೆಕ್ ಮುಖ ತೋರಿಸಿದಾಗ ಕೊಡುವ ಶೇ. 50ಕ್ಕಿಂತ ಜಾಸ್ತಿ. ಹೀಗಾಗಿ ಬಲವೊಂದನ್ನೇ ಆಧರಿಸಿದ ತೀರ್ಮಾನ ತಪ್ಪಾಗಬಹುದು. ಸಾಗುಹಾದಿಯ ಎರಡೂ ಬದಿಗೆ ಎದುರುಬದುರಾಗಿ ಹೆಡ್ ಇಟ್ಟು, ಒಂದೇ ಚೆಕ್ಕಿನ ಎರಡು ಸಂಕೇತಗಳನ್ನು ಪರಸ್ಪರ ಹೋಲಿಸಿದರೆ ಈ ಗೊಂದಲ ತಪ್ಪುತ್ತದೆ. ಆದರೆ ಹೆಡ್‌ಗಳ ಸಂಖ್ಯೆ ದುಪ್ಪಟ್ಟಾಗುತ್ತದೆ. ಪಟ್ಟಿಯ ಜಾಗ ಮತ್ತು ಓದಿನ ಕ್ರಮಗಳನ್ನು ಆಧರಿಸಿದ ವಿಧಾನಕ್ಕೆ ಸಂಕೇತ ಗುರುತಿಸುವಷ್ಟು ಇದ್ದರೆ ಸಾಕು. ಅದು ಎಷ್ಟು ಬಲವಾಗಿದೆ ಎಂಬುದು ಮುಖ್ಯವಲ್ಲ. ಅದರ ಮೇಲುಗೈ ಇರುವುದು ಇಲ್ಲಿ.

ಸಿಎಂಸಿ-7ರ ವಿಶೇಷ

ಸಿಎಂಸಿ-7ರಲ್ಲಿ ಪ್ರತಿ ಅಕ್ಷರವೂ ಏಳು ಲಂಬ ಗೆರೆಗಳಿಂದ ಆಗಿದೆ. ಗೆರೆಗಳ ನಡುವಿನ ಆರು ತೆರಪುಗಳಲ್ಲಿ ಕೆಲವು ಅಗಲ, ಉಳಿದವು ಕಿರಿದು. ಅಂಕಿಗಳಲ್ಲೂ ನಿಯಂತ್ರಣ ಚಿಹ್ನೆಗಳಲ್ಲೂ ಎರಡು ಅಗಲ ತೆರಪುಗಳಿರುತ್ತವೆ. ಆರು ಜಾಗಗಳಲ್ಲಿ ಎರಡನ್ನು ಆರಿಸುವ ಬಗೆಗಳು ಹದಿನೈದು. ಹತ್ತು ಅಂಕಿಗಳೂ ಐದು ಚಿಹ್ನೆಗಳೂ ಸೇರಿ ಆ ಹದಿನೈದನ್ನೂ ಬಳಸಿಬಿಡುತ್ತವೆ. ಅಗಲ ತೆರಪು ಒಂದೇ ಇರುವ ಆರು ಬಗೆಗಳು, ಮೂರಿರುವ ಇಪ್ಪತ್ತು ಬಗೆಗಳು ಸೇರಿ ಇಪ್ಪತ್ತಾರು ರೋಮನ್ ಅಕ್ಷರಗಳಿಗೆ ಮೀಸಲು.

ಈ ಮಿತವ್ಯಯಕ್ಕೆ ದಿಕ್ಕು ಪತ್ತೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಎರಡು ಅಗಲ ತೆರಪಿನ ವಿನ್ಯಾಸವನ್ನು ಹಿಂದುಮುಂದಾಗಿ ಓದಿದರೂ ಎರಡು ಅಗಲ ತೆರಪಿನ ವಿನ್ಯಾಸವೇ ಸಿಗುತ್ತದೆ. ಅದೂ ಯಾವುದಾದರೊಂದು ಅಂಕಿಯೋ ಚಿಹ್ನೆಯೋ ಆಗಿರುತ್ತದೆ. ತೆರಪುಗಳನ್ನಷ್ಟೇ ನೋಡುವ ಯಂತ್ರಕ್ಕೆ ಹಿಂದುಮುಂದಾದ ಸಾಲಿನಲ್ಲಿ ಯಾವ ಅಕ್ಷರವೂ ತಪ್ಪಾಗಿ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ತೀರ್ಮಾನ ಅಕ್ಷರದ ಮಟ್ಟದಲ್ಲಿ ಆಗದೆ ಸಾಲಿನ ಮಟ್ಟದಲ್ಲಿ ಆಗಬೇಕು: ಚಿಹ್ನೆಗಳು ಇರಬೇಕಾದ ಜಾಗದಲ್ಲಿವೆಯೇ, ಕ್ಷೇತ್ರಗಳ ಉದ್ದ ಸರಿಯಿದೆಯೇ, ಎರಡು ಚಿಹ್ನೆಗಳ ನಡುವೆ ಅಂಕಿಗಳಷ್ಟೇ ಇವೆಯೇ ಎಂದು ನೋಡಬೇಕು. ಇ-13ಬಿ ಸಾಲಿಗೂ ಇಂಥ ಪರೀಕ್ಷೆ ಅನ್ವಯಿಸುತ್ತದೆ. ಅಮೆರಿಕದ ಒಂಬತ್ತು ಅಂಕಿಗಳ ಬ್ಯಾಂಕ್ ಸಂಖ್ಯೆಯನ್ನು ಕ್ರಮವಾಗಿ 3, 7, 1ರಿಂದ ಗುಣಿಸುತ್ತ ಹೋಗಿ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ತಪ್ಪು ಕ್ರಮದಲ್ಲಿ ಓದಿದ ಸಂಖ್ಯೆ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತದೆ.

ಚಿತ್ರದಿಂದ ಪತ್ತೆ

ಸ್ಕ್ಯಾನರ್‌ಗಳು ಅಗ್ಗವಾದ ಮೇಲೆ ಚೆಕ್ಕಿನ ಎರಡೂ ಬದಿಯ ಚಿತ್ರವನ್ನು ಒಮ್ಮೆಲೇ ತೆಗೆದು ಅದರಲ್ಲೇ ದಿಕ್ಕನ್ನು ಹುಡುಕುವುದು ಸಾಧ್ಯವಾಯಿತು. ಎರಡು ಚಿತ್ರಗಳಲ್ಲಿ ಮೇಲೊಂದು ಕೆಳಗೊಂದರಂತೆ ಎಂಐಸಿಆರ್ ಸಾಲು ಇರಬಹುದಾದ ಜಾಗಗಳು ಒಟ್ಟು ನಾಲ್ಕು. ಆ ನಾಲ್ಕು ಪಟ್ಟಿಗಳಲ್ಲೂ ಅಕ್ಷರಗಳನ್ನು ಹುಡುಕಿ, ಹೆಚ್ಚು ನಿಚ್ಚಳವಾಗಿ ಓದಲು ಬಂದದ್ದನ್ನು ಆರಿಸಲಾಗುತ್ತದೆ. ಕಾಂತೀಯ ಹೆಡ್‌ಗೆ ಲಂಬ ದಿಕ್ಕಿನ ವಿವರ ತಿಳಿಯದು. ಚಿತ್ರದಲ್ಲಿ ಅದೂ ಇರುವುದರಿಂದ ತಲೆಕೆಳಗಾದ ಅಂಕಿಯನ್ನು ಗುರುತಿಸುವುದು ಸುಲಭ. ಸಾಲು ಅಳಿಸಿಹೋಗಿದ್ದರೆ ಬೇರೆ ಗುರುತುಗಳ ನೆರವು ಪಡೆಯಬಹುದು: ಮೊತ್ತ ಬರೆಯುವ ಚೌಕ, ದಿನಾಂಕದ ಮನೆಗಳು, ಬ್ಯಾಂಕಿನ ಲಾಂಛನ, ಮುಂಭಾಗದಲ್ಲಿ ಹಿಂಭಾಗಕ್ಕಿಂತ ಹೆಚ್ಚಿರುವ ಮುದ್ರಣದ ಸಾಂದ್ರತೆ. ಚೆಕ್ಕಿನ ಬದಲು ಅದರ ಚಿತ್ರ ಕಳಿಸುವ ವ್ಯವಸ್ಥೆಗಾಗಿ ಭಾರತದಲ್ಲಿ ನಿಗದಿಯಾದ ಸಿಟಿಎಸ್-2010 ಮಾದರಿಯ ಚೆಕ್ಕುಗಳಲ್ಲಿ ಬ್ಯಾಂಕಿನ ಲಾಂಛನ ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಶಾಯಿಯಲ್ಲೂ ಮುದ್ರಿತವಾಗಿರುತ್ತದೆ. ನಕಲಿ ಚೆಕ್ಕನ್ನು ತಡೆಯಲು ಇಟ್ಟ ಈ ಗುರುತೂ ಮುಖವನ್ನು ತಿಳಿಯಲು ಒದಗುತ್ತದೆ.

ಚಿತ್ರವಿಧಾನಕ್ಕೂ ದೌರ್ಬಲ್ಯಗಳಿವೆ. ಸಹಿ, ಮೊಹರು, ಮಸಿಯ ಕಲೆ ಅಂಕಿಗಳ ಮೇಲೆ ಬಿದ್ದರೆ ಚಿತ್ರದಲ್ಲಿ ಓದಲು ಕಷ್ಟ. ಸಾಮಾನ್ಯ ಪೆನ್ನಿನ ಶಾಯಿಯಲ್ಲಿ ಕಾಂತತ್ವವಿಲ್ಲದ ಕಾರಣ ಕಾಂತೀಯ ಹೆಡ್‌ಗೆ ಅದು ಇಲ್ಲದಂತೆಯೇ. ಹೂವು, ಬೆಟ್ಟ, ಭಾವಚಿತ್ರಗಳ ಹಿನ್ನೆಲೆಯಿರುವ ಚೆಕ್ಕುಗಳೂ ಚಿತ್ರವಿಧಾನವನ್ನು ದಾರಿ ತಪ್ಪಿಸಬಲ್ಲವು. ಕಾಂತೀಯ ಓದು ಮತ್ತು ಚಿತ್ರದ ಓದು ಎರಡನ್ನೂ ಜೋಡಿಸಿ, ಒಂದು ಸೋತಲ್ಲಿ ಇನ್ನೊಂದನ್ನು ನೆಚ್ಚುವ ಯಂತ್ರಗಳು ಇಂದು ಸಾಮಾನ್ಯ. ಚಿತ್ರದಲ್ಲಿ ಸರಿಯಾಗಿ ಕಾಣುವ ಸಾಲು ಕಾಂತೀಯ ಹೆಡ್‌ನಲ್ಲಿ ಕಾಣದಿದ್ದರೆ ಚೆಕ್ ಬಣ್ಣದ ನಕಲಾಗಿರಬಹುದೆಂಬ ಎಚ್ಚರಿಕೆಯೂ ಸಿಗುತ್ತದೆ.

ಓರೆ ಮತ್ತು ಜೋಡಿ

ಸಾಗುಹಾದಿಗೆ ಅಡ್ಡಲಾಗಿ ಒಂದರ ಮೇಲೊಂದು ಇಟ್ಟ ಎರಡು ಬೆಳಕಿನ ಸಂವೇದಕಗಳಿಂದ ಓರೆಯನ್ನು ಅಳೆಯುತ್ತಾರೆ. ಚೆಕ್ಕಿನ ಮುಂದಿನ ಅಂಚು ಎರಡನ್ನೂ ಒಟ್ಟಿಗೆ ಮರೆಮಾಡಿದರೆ ಓರೆಯಿಲ್ಲ. ಸಂವೇದಕಗಳ ನಡುವಿನ ದೂರ 50 ಮಿ.ಮೀ., ಚೆಕ್ಕಿನ ವೇಗ ಸೆಕೆಂಡಿಗೆ 2.5 ಮೀಟರ್ ಇದ್ದು, ಎರಡನೆಯದು ಒಂದು ಮಿಲಿಸೆಕೆಂಡ್ ತಡವಾಗಿ ಮರೆಯಾದರೆ ಅಂಚು 2.5 ಮಿ.ಮೀ.ನಷ್ಟು ಹಿಂದಿದೆ ಎಂದರ್ಥ. ಓರೆ ಸುಮಾರು 3 ಡಿಗ್ರಿ. ಅಕ್ಷರಗಳ ಪಟ್ಟಿ ಕಿರಿದಾಗಿರುವುದರಿಂದ 20 ಸೆಂ.ಮೀ. ಉದ್ದದ ಚೆಕ್ಕಿನಲ್ಲಿ ಇಷ್ಟು ಓರೆಯಿದ್ದರೆ ಒಂದು ತುದಿಯ ಅಕ್ಷರಗಳು ಹೆಡ್‌ನ ವ್ಯಾಪ್ತಿಯಿಂದ ಹೊರಗೆ ಜಾರಬಹುದು. ಚೆಕ್ಕನ್ನು ಹಾದಿಯ ತಳಕ್ಕೆ ಒತ್ತುವ ಓರೆ ಉರುಳೆಗಳು ಇದನ್ನು ಸರಿಪಡಿಸುತ್ತವೆ. ಚಿತ್ರದಲ್ಲಿ ಉಳಿದ ಓರೆಯನ್ನು ತಂತ್ರಾಂಶ ತಿದ್ದುತ್ತದೆ. ಎರಡು ಚೆಕ್ಕುಗಳು ಅಂಟಿಕೊಂಡು ಬಂದಿವೆಯೇ ಎಂದು ತಿಳಿಯಲು ದಪ್ಪವನ್ನೋ ಹಾಳೆಯ ಮೂಲಕ ಹಾಯುವ ಬೆಳಕು ಅಥವಾ ಶ್ರವಣಾತೀತ ಧ್ವನಿಯನ್ನೋ ಅಳೆಯಲಾಗುತ್ತದೆ.

ತಿರುಗಿಸುವ ಏರ್ಪಾಡು

ದಿಕ್ಕು ತಿಳಿದ ಮೇಲೆ ಚೆಕ್ಕನ್ನು ಸರಿದಿಕ್ಕಿಗೆ ತರಲು ಎರಡು ಯಂತ್ರಭಾಗಗಳು ಸಾಕು. ಮೊದಲನೆಯದರಲ್ಲಿ ಜೋಡಿ ಬೆಲ್ಟುಗಳು ಸಾಗುವ ಅಕ್ಷದ ಸುತ್ತ ಅರ್ಧ ಸುತ್ತು ತಿರುಚಿಕೊಂಡಿರುತ್ತವೆ. ಅವುಗಳ ನಡುವೆ ಹಾದ ಚೆಕ್ಕಿನ ಮೇಲು ಕೆಳಗಾಗುತ್ತದೆ, ಮುಖ ಬೆನ್ನಾಗುತ್ತದೆ, ಮುಂದಿದ್ದ ಅಂಚು ಮಾತ್ರ ಮುಂದೆಯೇ ಉಳಿಯುತ್ತದೆ. ಎರಡನೆಯದರಲ್ಲಿ ಚೆಕ್ ಒಂದು ಕವಲಿಗೆ ಹೊಕ್ಕು ನಿಂತು, ಹಿಂದಿನ ಅಂಚು ಮುಂದಾಗಿ ಬೇರೊಂದು ದಾರಿಯಲ್ಲಿ ಹೊರಬರುತ್ತದೆ. ಇಲ್ಲಿ ಅಂಚುಗಳು ಅದಲುಬದಲಾಗುತ್ತವೆ, ಸಾಗುವ ದಿಕ್ಕಿಗೆ ಹೋಲಿಸಿದರೆ ಮುಖವೂ ಇನ್ನೊಂದು ಬದಿಗೆ ಬರುತ್ತದೆ, ಮೇಲುಕೆಳಗು ಮಾತ್ರ ಹಾಗೆಯೇ ಇರುತ್ತದೆ.

ಈ ಎರಡು ಭಾಗಗಳು ದಿಕ್ಕು ಪತ್ತೆಯ ಎರಡು ಪ್ರಶ್ನೆಗಳಿಗೆ ನೇರವಾಗಿ ಹೊಂದುತ್ತವೆ. ಪಟ್ಟಿ ಮೇಲಿದ್ದರೆ ಮೊದಲನೆಯದರ ಮೂಲಕ ಕಳಿಸಬೇಕು. ಕ್ರಮ ಹಿಂದುಮುಂದಾಗಿದ್ದರೆ ಎರಡನೆಯದರ ಮೂಲಕ ಕಳಿಸಬೇಕು. ಎರಡೂ ಇದ್ದರೆ ಎರಡರ ಮೂಲಕವೂ ಕಳಿಸಬೇಕು. ಯಾವುದು ಮೊದಲಾದರೂ ಫಲ ಒಂದೇ. ಎರಡೂ ಇಲ್ಲದಿದ್ದರೆ ಚೆಕ್ ನೇರವಾಗಿ ಮುಂದೆ ಸಾಗುತ್ತದೆ. ಮುಖ ಯಾವ ಕಡೆಗಿದೆ ಎಂದು ಬೇರೆಯಾಗಿ ಲೆಕ್ಕಹಾಕುವ ಅಗತ್ಯವೂ ಬೀಳುವುದಿಲ್ಲ. ಚಿತ್ರ ಮಾತ್ರ ಸಾಕಾಗುವ ಯಂತ್ರಗಳಲ್ಲಿ ಚೆಕ್ಕನ್ನು ಹಾಗೆಯೇ ಬಿಟ್ಟು ಚಿತ್ರವನ್ನೇ ತಿರುಗಿಸಿದರಾಯಿತು. ಆದರೆ ಮೊಹರು ಒತ್ತಬೇಕಾದಲ್ಲಿ, ಚೆಕ್ಕುಗಳನ್ನು ಮುಂದಿನ ಯಂತ್ರಕ್ಕೆ ಒಂದೇ ಕಟ್ಟಾಗಿ ಕೊಡಬೇಕಾದಲ್ಲಿ ಹಾಳೆಯನ್ನೇ ತಿರುಗಿಸಬೇಕು.

ತೊಡಕುಗಳು

ಕಾಂತೀಯ ಶಾಯಿ ಎಂಐಸಿಆರ್ ಸಾಲಿನಲ್ಲಷ್ಟೇ ಇರುತ್ತದೆ ಎಂಬ ಭರವಸೆಯಿಲ್ಲ. ಲೇಸರ್ ಪ್ರಿಂಟರ್‌ನಲ್ಲಿ ಕಾಂತೀಯ ಟೋನರ್ ಹಾಕಿ ಇಡೀ ಚೆಕ್ಕನ್ನು ಮುದ್ರಿಸುವ ಸಂಸ್ಥೆಗಳಿವೆ. ಅಂಥ ಚೆಕ್ಕಿನಲ್ಲಿ ಹೆಸರು, ಮೊತ್ತ, ವಿಳಾಸ ಎಲ್ಲವೂ ಹೆಡ್‌ನಲ್ಲಿ ಅಲೆ ಎಬ್ಬಿಸುತ್ತವೆ. ಮೇಲೂ ಕೆಳಗೂ ಸಂಕೇತ ಬಂದಾಗ ಅಂಗುಲಕ್ಕೆ ಎಂಟರ ಸಮ ಅಂತರದಲ್ಲಿ ಬರುವ ಅಲೆಯನ್ನು ಮಾತ್ರ ಎಂಐಸಿಆರ್ ಎಂದು ಎಣಿಸಲಾಗುತ್ತದೆ. ಸ್ಟೇಪ್ಲರ್ ಪಿನ್ನು, ಮೋಟರಿನ ಕಾಂತಕ್ಷೇತ್ರ, ಕಾಗದದ ಮಡಿಕೆ ಇವೂ ಗದ್ದಲವನ್ನು ಸೇರಿಸುತ್ತವೆ. ಲಕೋಟೆಯಿಂದ ಬಂದ ಹಾಳೆ ಚೆಕ್ಕೇ ಅಲ್ಲದೆ ಬಿಲ್ಲಿನ ಚೂರೋ ಪತ್ರವೋ ಆಗಿರಬಹುದು. ಕಾಂತೀಯ ಸಾಲು ಎಲ್ಲೂ ಸಿಗದಿದ್ದರೆ ಅದು ಚೆಕ್ಕಲ್ಲ ಎಂಬ ತೀರ್ಮಾನಕ್ಕೂ ಇದೇ ಪತ್ತೆ ಆಧಾರ. ಬಿಲ್ಲಿನ ಚೂರುಗಳ ದಿಕ್ಕನ್ನು ಅವುಗಳಲ್ಲಿನ ಓಸಿಆರ್ ಸಾಲಿನಿಂದ, ಅಂದರೆ ಬೆಳಕಿನ ನೆರವಿನಿಂದ ಯಂತ್ರ ಓದುವ ಅಕ್ಷರಗಳ ಸಾಲಿನಿಂದ, ಹುಡುಕುತ್ತಾರೆ.

ಹೊಂದಿಕೆಯ ಅಂಕ ನಿಗದಿತ ಮಟ್ಟ ಮುಟ್ಟದಿದ್ದಾಗ ಯಂತ್ರ ಊಹಿಸದೆ ಚೆಕ್ಕನ್ನು ತಿರಸ್ಕೃತ ಚೆಕ್ಕುಗಳ ಗೂಡಿಗೆ ಕಳಿಸುತ್ತದೆ. ತಪ್ಪಾಗಿ ಓದುವುದಕ್ಕಿಂತ ಓದದೆ ಬಿಡುವುದು ಮೇಲು ಎಂಬುದು ಈ ಕ್ಷೇತ್ರದ ರೂಢಿ. ಬಿಟ್ಟ ಚೆಕ್ಕನ್ನು ಸಿಬ್ಬಂದಿ ಕೈಯಿಂದ ಸರಿಪಡಿಸಬಹುದು, ತಪ್ಪಾಗಿ ಓದಿದ ಚೆಕ್ ಬೇರೆ ಖಾತೆಯನ್ನು ಮುಟ್ಟಬಹುದು.

ಬಳಕೆ

ಅಮೆರಿಕದಲ್ಲಿ 2004ರ ಅಕ್ಟೋಬರ್ 28ರಂದು ಜಾರಿಗೆ ಬಂದ ಚೆಕ್ 21 ಕಾಯಿದೆ ಚೆಕ್ಕಿನ ಚಿತ್ರದಿಂದ ಮುದ್ರಿಸಿದ ಬದಲಿ ಪ್ರತಿಗೆ ಮೂಲ ಚೆಕ್ಕಿನ ಮಾನ್ಯತೆ ಕೊಟ್ಟಿತು. ಆ ಬಳಿಕ ಅಲ್ಲಿ ಲಕೋಟೆಯಿಲ್ಲದೆ ಚೆಕ್ಕನ್ನು ನೇರವಾಗಿ ನುಂಗುವ ಎಟಿಎಂಗಳು ಹೆಚ್ಚಾದವು. ತರಬೇತಿಯಿಲ್ಲದ ಗ್ರಾಹಕರು ಚೆಕ್ಕನ್ನು ನಾಲ್ಕು ಬಗೆಯಲ್ಲಿ ಹೇಗೆ ಬೇಕಾದರೂ ಹಾಕಬಹುದಾದ್ದರಿಂದ ಇಂಥ ಯಂತ್ರಕ್ಕೆ ದಿಕ್ಕು ಪತ್ತೆ ಅನಿವಾರ್ಯ. ಫೋನಿನ ಕ್ಯಾಮೆರಾದಿಂದ ಚೆಕ್ ಜಮಾ ಮಾಡುವ ವಿಧಾನದಲ್ಲಿ ಮುಂಭಾಗ, ಹಿಂಭಾಗಗಳನ್ನು ಗ್ರಾಹಕರೇ ಆರಿಸಿ ಕೊಡುತ್ತಾರೆ. ತಂತ್ರಾಂಶಕ್ಕೆ ತಲೆಕೆಳಗು ಮತ್ತು ಓರೆಗಳನ್ನು ತಿದ್ದುವ ಕೆಲಸ ಉಳಿಯುತ್ತದೆ.

ಭಾರತದಲ್ಲಿ ರಿಸರ್ವ್ ಬ್ಯಾಂಕ್ 1980ರ ದಶಕದಲ್ಲಿ ಎಂಐಸಿಆರ್ ಕ್ಲಿಯರಿಂಗನ್ನು ಮಹಾನಗರಗಳಲ್ಲಿ ಆರಂಭಿಸಿತು. ನಂತರ ಅದು ಬೆಂಗಳೂರು ಸೇರಿದಂತೆ ಇತರ ನಗರಗಳಿಗೆ ಹರಡಿತು. ಚೆಕ್ಕಿನ ಬದಲು ಅದರ ಚಿತ್ರವನ್ನೇ ಕಳಿಸುವ ಚೆಕ್ ಟ್ರಂಕೇಷನ್ ವ್ಯವಸ್ಥೆ (ಸಿಟಿಎಸ್) 2008ರ ಫೆಬ್ರವರಿ 1ರಂದು ರಾಜಧಾನಿ ದೆಹಲಿ ವಲಯದಲ್ಲಿ, 2011ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ, 2013ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಜಾರಿಗೆ ಬಂದಿತು. ಕರ್ನಾಟಕದ ಚೆಕ್ಕುಗಳು ಚೆನ್ನೈ ಗ್ರಿಡ್‌ಗೆ ಸೇರಿದವು. ಈ ವ್ಯವಸ್ಥೆಯಲ್ಲಿ ಪ್ರತಿ ಚೆಕ್ಕಿಗೂ ಮೂರು ಚಿತ್ರಗಳು ಬೇಕು: ಮುಂಭಾಗದ ಬೂದುಛಾಯೆಯ ಚಿತ್ರ, ಮುಂಭಾಗದ ಕಪ್ಪುಬಿಳುಪು ಚಿತ್ರ, ಹಿಂಭಾಗದ ಕಪ್ಪುಬಿಳುಪು ಚಿತ್ರ. ಮುಖ ತಿಳಿಯದೆ ತೆಗೆದ ಚಿತ್ರಗಳಿಗೆ ಈ ಮೂರು ಹೆಸರುಗಳನ್ನು ಹಚ್ಚಲಾಗದು. ವಿಂಗಡಣೆ ಕೇಂದ್ರದ ಒಂದೆರಡು ಭಾರಿ ಯಂತ್ರಗಳು ಮಾಡುತ್ತಿದ್ದ ಓದುವಿಕೆ ಹೀಗೆ ಬ್ಯಾಂಕುಗಳ ಸಾವಿರಾರು ಸಣ್ಣ ಸ್ಕ್ಯಾನರ್‌ಗಳಿಗೆ ಹಂಚಿಹೋಯಿತು. ಇವುಗಳಲ್ಲಿ ಹಲವು ಒಂದೇ ದಿಕ್ಕನ್ನು ಒಪ್ಪುವಂಥವು. ದಿಕ್ಕನ್ನು ತಾವೇ ಹುಡುಕುವ ಯಂತ್ರಗಳು ಗ್ರಾಹಕರೇ ಚೆಕ್ ಹಾಕುವ ಕಡೆ ಬಳಕೆಯಲ್ಲಿವೆ.

ಡಿಜಿಟಲ್ ಪಾವತಿಯಿಂದಾಗಿ ಹಲವು ದೇಶಗಳಲ್ಲಿ ಚೆಕ್ ಬಳಕೆ ಕುಗ್ಗಿದೆ. ಡೆನ್ಮಾರ್ಕ್‌ನ ಬ್ಯಾಂಕುಗಳು 2017ರ ಆರಂಭದಿಂದ ಚೆಕ್ಕನ್ನು ಕೈಬಿಟ್ಟವು. ಚೆಕ್ಕಿನೊಂದಿಗೆ ದಿಕ್ಕು ಪತ್ತೆಯ ತಂತ್ರ ಮುಗಿಯುವುದಿಲ್ಲ. ನಾಲ್ಕು ಬಗೆಯಲ್ಲಿ ಬರಬಲ್ಲ ಹಾಳೆಯ ದಿಕ್ಕನ್ನು ಅದರ ಮೇಲಿನ ಅಸಮ ಗುರುತಿನಿಂದ ತಿಳಿಯುವ ಇದೇ ತತ್ವದ ಮೇಲೆ ನೋಟು ಎಣಿಸಿ ವಿಂಗಡಿಸುವ ಯಂತ್ರಗಳೂ ಎಟಿಎಂಗಳಲ್ಲಿನ ನಗದು ಸ್ವೀಕಾರ ಭಾಗಗಳೂ ಕೆಲಸ ಮಾಡುತ್ತವೆ.